ನೇವಿ ಶಿವಾಜಿಯ ಕಡಲ ವಸ್ತಿಗಳು

ಕನಮಡಿಯಲ್ಲಿ ಬಸ್ಸಿನಿಂದ ಇಳಿಯುವಷ್ಟರಲ್ಲಿ ನನ್ನ ಗಂಡನಿಗೆ ಮೀಸೆ ಬಂದಿತ್ತು. ಪಕ್ಕದಲ್ಲಿ ಚೀಲ ಹಿಡಿದು ನಿಂತ ಗಂಡನಿಗಲ್ಲ, ಬೇವಿನ ಮರಕ್ಕೂ ಲೈಟಿನ ಕಂಬಕ್ಕೂ ಎಳೆದು ಕಟ್ಟಿದ್ದ ಫ್ಲೆಕ್ಸಿನ ಗಂಡನಿಗೆ. ಬಿಳಿ ಟೋಪಿ, ಹುರಿಮೀಸೆ, ಬೆನ್ನ ಹಿಂದೆ ಬೂದು ಬಣ್ಣದ ಯುದ್ಧನೌಕೆ, ಅದರ ಮೇಲೆ ಯಾಕೋ ಒಂದು ಹುಲಿ. ಕೆಳಗೆ ದಪ್ಪ ಅಕ್ಷರಗಳಲ್ಲಿ: ‘ಭಾರತೀಯ ನೌಕಾಪಡೆಯ ವೀರಯೋಧ, ನಮ್ಮೂರ ಹೆಮ್ಮೆಯ ಪುತ್ರ ಶಿವಾಜಿ ಅವರಿಗೆ ಹಾರ್ದಿಕ ಸ್ವಾಗತ. ಗಣರಾಜ್ಯೋತ್ಸವದಂದು ಶಾಲೆಯ ಅಂಗಳದಲ್ಲಿ ಸನ್ಮಾನ.’

ನನ್ನ ಗಂಡ ಯೋಧರಲ್ಲ. ಯುರೋಪಿನ ಒಬ್ಬ ಮುದುಕ, ಮುದುಕಿಯ ಹಾಯಿದೋಣಿಯಲ್ಲಿ ಅಡುಗೆ ಮಾಡುತ್ತಾರೆ. ಅಡುಗೆ ಇಲ್ಲದಾಗ ಹಗ್ಗ ಎಳೆಯುತ್ತಾರೆ, ದೋಣಿಯ ಹಲಗೆ ತಿಕ್ಕುತ್ತಾರೆ.

ಇವರು ಫ್ಲೆಕ್ಸನ್ನು ನೋಡಿದರು. ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡು, ಅದರ ಕುಲಾವಿ ಸರಿ ಮಾಡುವ ನೆಪದಲ್ಲಿ ಮುಖ ತಗ್ಗಿಸಿದರು. ಕಿವಿಗಳು ಕೆಂಡದಂತೆ ಕೆಂಪಾಗಿದ್ದವು.

“ಇದನ್ನ ಯಾರ ಹಾಕಿಸ್ಯಾರ್ರಿ?” ಎಂದೆ.

“ಸಂಗನಬಸವ ಇರಬೇಕು. ಟಿಕೋಟಾದಾಗ ಅವನ ಫ್ಲೆಕ್ಸಿನ ಅಂಗಡಿ ಐತಿ. ನನ್ನ ಜೋಡಿ ಸಾಲಿ ಕಲ್ತಾಂವ.”

“ಮತ್ತ ಮೀಸಿ?”

“ಅದೂ ಅವನ ಅಂಗಡ್ಯಾಗಿಂದ.”

ಇದೆಲ್ಲ ಶುರುವಾಗಿದ್ದು ಒಂದು ಶಬ್ದದಿಂದ. ಇವರು ಸಣ್ಣ ವಯಸ್ಸಿನಲ್ಲೇ ಊರು ಬಿಟ್ಟು ವಿಜಯಪುರದ ಸ್ಟೇಷನ್ ಹತ್ತಿರ ಗೈಬುಸಾಬರ ಹೋಟೆಲಿಗೆ ಸೇರಿದವರು. ಮೊದಲು ಪಾತ್ರೆ, ಆಮೇಲೆ ಉಳ್ಳಾಗಡ್ಡಿ, ಆಮೇಲೆ ಒಲೆ. ಅಲ್ಲಿಂದ ಗೋವಾದ ಹೋಟೆಲು, ಗೋವಾದಿಂದ ಪ್ರವಾಸಿಗರ ಬೋಟು. ಒಂದು ದಿನ ಅಪ್ಪನಿಗೆ ಫೋನು ಮಾಡಿ, ಹೊರದೇಶದ ದೋಣಿಯಲ್ಲಿ ಕೆಲಸ ಸಿಕ್ಕಿದೆ ಎಂದರು. ಅಪ್ಪನಿಗೆ ತಿಳಿಯಲಿಲ್ಲ. “ಮರ್ಚಂಟ್ ನೇವಿ ಅಂತಾರಲ್ಲ ಯಪ್ಪಾ, ಹಂಗ ಅನ್ಕೋ” ಎಂದರು. ನನ್ನ ಮಾವ ಭಾಗಪ್ಪ ಹಿಡಿದುಕೊಂಡದ್ದು ನಡುವಿನ ಒಂದೇ ಮಾತು: ನೇವಿ.

ಆ ಭಾಗದ ಹಳ್ಳಿಗಳಲ್ಲಿ ಮಿಲ್ಟ್ರಿಗೆ ಹೋದವರು ಓಣಿಗೊಬ್ಬರು. ನಿವೃತ್ತರಾಗಿ ಬಂದವರನ್ನು ತೆರೆದ ಜೀಪಿನಲ್ಲಿ ನಿಲ್ಲಿಸಿ ಮೆರವಣಿಗೆ ಮಾಡುತ್ತಾರೆ. ಅಂಥ ಮೆರವಣಿಗೆಗಳನ್ನು ಮಾವ ಬದುಕಿಡೀ ಶಾಲೆಯ ಕಾಂಪೌಂಡ್ ಗೋಡೆಗೆ ಒರಗಿ ನಿಂತು ನೋಡಿದ್ದರು. ನಮ್ಮ ಓಣಿಯ ಗಂಡಸರೆಲ್ಲ ಅಲ್ಲೇ ನಿಲ್ಲುವುದು. ಕುರ್ಚಿ ಅತ್ತ ಕಡೆಯ ಮೇಲ್ಜಾತಿಯವರಿಗೆ. ಯಾರೂ ಬೇಡ ಅನ್ನುವುದಿಲ್ಲ, ಯಾರೂ ಬಾ ಅನ್ನುವುದೂ ಇಲ್ಲ. ಮಗ ನೇವಿಗೆ ಹೋದ ಮೇಲೆ ಚಹಾದ ಅಂಗಡಿಯಲ್ಲಿ “ಬಾ ಭಾಗಪ್ಪ, ಕುಂಡ್ರು, ಮಗ ಎಲ್ಲಿ ಅದಾನ ಈಗ?” ಎಂದು ಬೆಂಚು ಸರಿಸತೊಡಗಿದರು. ಆ ಬೆಂಚಿನ ಸುದ್ದಿಯನ್ನು ಮಾವ ಮಗನಿಗೆ ಫೋನಿನಲ್ಲಿ ಹೇಳಿದರಂತೆ. ಅದಾದ ಮೇಲೆ ಇವರ ಬಾಯಿಂದ ‘ಅಲ್ಲಪ್ಪಾ, ನಾನು ಅಡುಗೆಯವ’ ಎನ್ನುವ ಮಾತು ಹೊರಡಲಿಲ್ಲ. ಮಾವನಿಗೂ ಒಳಗೊಳಗೇ ಗೊತ್ತಾಗಿತ್ತೋ ಏನೋ. ಅವರೂ ಕೇಳಲಿಲ್ಲ.

ಚಳಿಗಾಲದಲ್ಲಿ ದೋಣಿಯನ್ನು ನೀರಿನಿಂದ ಮೇಲೆ ಎತ್ತಿಟ್ಟು ಬಣ್ಣ ಬಳಿಯುತ್ತಾರೆ. ಹಾಗಾಗಿ ಡಿಸೆಂಬರಿನಲ್ಲಿ ಇವರು ವಿಜಯಪುರದ ಇಬ್ರಾಹಿಂಪುರ ಬಡಾವಣೆಯ ನಮ್ಮ ಬಾಡಿಗೆ ಮನೆಗೆ ಬಂದರು. ಈ ಸಲದ ರಜೆಯಲ್ಲಿ ಒಂದು ಕೆಲಸವೂ ಜೊತೆಗೆ ಬಂದಿತ್ತು. ಆ ಮುದುಕ, ಮುದುಕಿಗೆ ಭೂಮಧ್ಯ ಸಮುದ್ರವನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಹಾಯಿಯಲ್ಲೇ ದಾಟಬೇಕೆಂಬ ಆಸೆ. ಸ್ಪೇನಿನಿಂದ ಸೈಪ್ರಸ್ಸಿಗೆ, ನಡುನಡುವೆ ನಿಲ್ಲುತ್ತ. ಹಾದಿ ಗೊತ್ತು ಮಾಡುವವರು ಕ್ಯಾಪ್ಟನ್. ಆದರೆ ಎಲ್ಲಿ ನಿಂತರೆ ತರಕಾರಿ ಸಿಗುತ್ತದೆ, ಎಲ್ಲಿ ಸಿಹಿನೀರು ತುಂಬಬಹುದು, ಯಾವ ದೇಶದ ಗ್ಯಾಸ್ ಸಿಲಿಂಡರಿನ ಬಾಯಿ ನಮ್ಮ ಒಲೆಗೆ ಕೂರುವುದಿಲ್ಲ ಎಂಬುದನ್ನು ಇವರು ಹೇಳಬೇಕು. ಅದರ ಮೇಲೆ ಕ್ಯಾಪ್ಟನ್ ಹಾದಿ ತಿದ್ದುತ್ತಾರೆ.

ಇವರು ನಡುಮನೆಯ ಪರಸಿಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಸಮುದ್ರ ಬರೆದರು. ಬಾಗಿಲ ಹತ್ತಿರ ಸ್ಪೇನು, ಅಡುಗೆಮನೆಯ ಹೊಸ್ತಿಲ ಹತ್ತಿರ ಸೈಪ್ರಸ್ಸು. ನಿಲ್ಲುವ ಊರುಗಳಿಗೆಲ್ಲ ಒಂದೊಂದು ಹುಣಸೆಬೀಜ. ನಮ್ಮ ಮಗಳು ಗೀತಾಂಜಲಿ ಆಗಷ್ಟೇ ಅಂಬೆಗಾಲಿಡುತ್ತಿದ್ದಳು. ಮುಂಜಾನೆಯಿಂದ ಸಂಜೆಯವರೆಗೆ ಅವಳು ಸಮುದ್ರ ದಾಟುವುದು, ನಾನು ಹಿಂದೆ ಹಿಂದೆ ಓಡುವುದು.

“ರೀ, ಮಾಲ್ಟಾ ಬಾಯಾಗ ಹಾಕ್ಯಾಳ್ರಿ!” ಎಂದು ಒಂದು ದಿನ ಕಿರುಚಿಯೇ ಬಿಟ್ಟೆ. ಬೆರಳು ಹಾಕಿ ಮಾಲ್ಟಾ ತೆಗೆದೆ. ಗಂಟಲಿಗೆ ಇಳಿದಿದ್ದರೆ? ಇವರಿಗೆ ನಗು.

“ಮಾಲ್ಟಾ ಬಿಟ್ಟು ನಡಿಯೂದಿಲ್ಲವ್ವಾ ಗೀತೂ. ಅದರ ಮುಂದ ನಿಂದ್ರಾಕ ಜಾಗಾ ಇಲ್ಲ.”

ಊರಿಂದ ಬಂದಿದ್ದ ನನ್ನ ಅತ್ತೆ ಸೀತವ್ವ ಮೂಲೆಯಲ್ಲಿ ಕೂತು ಕಾಳು ಹಸನು ಮಾಡುತ್ತಿದ್ದರು. “ಅಂದ್ರ? ವಸ್ತಿ ಎಲ್ಲಿ?” ಎಂದರು.

ರಾತ್ರಿ ಹಳ್ಳಿಯಲ್ಲೇ ನಿಂತು ಬೆಳಗಾದರೆ ಪಟ್ಟಣಕ್ಕೆ ಹೊರಡುವ ಬಸ್ಸಿಗೆ ನಮ್ಮಲ್ಲಿ ವಸ್ತಿ ಬಸ್ಸು ಅನ್ನುತ್ತಾರೆ. ಅತ್ತೆಗೆ ಪ್ರಯಾಣವೆಂದರೆ ಅದೊಂದೇ ಲೆಕ್ಕ. ಹೊರಟದ್ದು ಏನೇ ಇರಲಿ, ರಾತ್ರಿ ಎಲ್ಲೋ ಒಂದು ಕಡೆ ನಿಲ್ಲಬೇಕು, ನಡೆಸುವವನು ಉಂಡು ಮಲಗಬೇಕು.

“ಮಾಲ್ಟಾ ಬಿಟ್ರ ಕ್ರೀಟ್‌ತನಾ ವಸ್ತಿ ಇಲ್ಲ ಯವ್ವಾ. ಹಗಲಾ ರಾತ್ರಿ ನಡೀತಿರತೈತಿ.”

“ಮತ್ತ ನಿದ್ದಿ?”

“ಪಾಳಿ. ಹೊಲಕ್ಕ ನೀರ ಬಿಡೂ ಪಾಳಿ ಇರತೈತಲ್ಲ, ಹಂಗ. ಒಬ್ಬಾಂವ ಎದ್ದಿರತಾನ, ಉಳದಾವ್ರು ಮಕ್ಕೋತಾರ.”

“ನಿನ್ನ ಪಾಳಿ ಬಂದಾಗ ಗಾಳಿ ಬಂದ್ರ?”

ಇವರು ಸುಮ್ಮನೆ ನಕ್ಕರು. ನಾನು ನಗಲಿಲ್ಲ. ಆ ಪ್ರಶ್ನೆಯನ್ನೇ ನಾನು ಮೊಬೈಲಿನಲ್ಲಿ ಹುಡುಕುತ್ತಿದ್ದೆ. ಸ್ಪೇನಿನ ಪಾಲ್ಮಾದಿಂದ ಸಾರ್ಡೀನಿಯಾ ದ್ವೀಪಕ್ಕೆ ಹೋಗುವಾಗ ಉತ್ತರದಿಂದ ಮಿಸ್ಟ್ರಾಲ್ ಎಂಬ ಗಾಳಿ ಏಕಾಏಕಿ ನುಗ್ಗುತ್ತದಂತೆ. ಗ್ರೀಸಿನ ಕಡೆ ಬೇಸಿಗೆ ಏರಿದ ಮೇಲೆ ಮೆಲ್ತೆಮಿ ಎಂಬ ಇನ್ನೊಂದು. ಅದು ಶುರುವಾಗುವುದರೊಳಗೆ ರೋಡ್ಸ್ ದ್ವೀಪ ದಾಟಬೇಕು, ಅದಕ್ಕೇ ಏಪ್ರಿಲ್ ಕೊನೆಗೆ ಹೊರಡುವುದು ಎಂದು ಇವರು ಹೇಳಿದ್ದರು. ನನ್ನ ತವರಿನವರು ಮೂಲದಲ್ಲಿ ಬಬಲೇಶ್ವರದ ಕಡೆ ಸಾರವಾಡದವರು, ಆದರೆ ನಾನು ಹುಟ್ಟಿದ್ದು, ಓದಿದ್ದು ಎಲ್ಲ ವಿಜಯಪುರ ಶಹರದಲ್ಲೇ. ಸಮುದ್ರ ನೋಡಿದ್ದು ಶಾಲೆಯ ಪ್ರವಾಸದಲ್ಲಿ, ಅದೂ ಮೊಣಕಾಲ ಮಟ್ಟ. ಓದಿದವರಿಗೆ ಧೈರ್ಯ ಬರುತ್ತದೆ ಅನ್ನುತ್ತಾರೆ. ನನಗಂತೂ ಓದಿದ್ದರಿಂದ ಹೆದರಿಕೆಗೆ ಹೆಸರುಗಳು ಸಿಕ್ಕವು ಅಷ್ಟೇ.

ಆದರೂ ಆ ದಿನಗಳಲ್ಲಿ ಇವರನ್ನು ನೋಡುವುದೇ ಒಂದು ಸಂತೋಷ. ಫೋನಿನಲ್ಲಿ ಕ್ಯಾಪ್ಟನ್ ಜೊತೆ ವಾದ ಮಾಡುವರು. “ಟ್ರಾಪಾನಿಯಲ್ಲಿ ನಿಲ್ಲೋಣ, ಅಲ್ಲಿ ಮೀನು ಅಗ್ಗ” ಎಂದು ಇಂಗ್ಲಿಷಿನಲ್ಲಿ ಹೇಳುವರು. ಫೋನು ಇಟ್ಟು ಹುಣಸೆಬೀಜ ಸರಿಸುವರು. ದೂರದ ಹಾದಿಗೆ ಏನು ಕೆಡುವುದಿಲ್ಲ ಎಂದು ಅತ್ತೆಯನ್ನೇ ಕೇಳುವರು. ಅತ್ತೆ ಕಟಕರೊಟ್ಟಿ, ಶೇಂಗಾಹಿಂಡಿ ಅನ್ನುವರು. ಆ ಮುದುಕಿಗೆ ಶೇಂಗಾಹಿಂಡಿ ಎಂದರೆ ಜೀವವಂತೆ, ಆ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಾಳಂತೆ. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದರು.

ಅಷ್ಟರಲ್ಲಿ ಮಾವನ ಫೋನು ಬಂತು. ಗಣರಾಜ್ಯೋತ್ಸವಕ್ಕೆ ಶಾಲೆಗೆ ಬರಬೇಕು, ಹೆಡ್‌ಮಾಸ್ತರರೇ ಮನೆಗೆ ಬಂದು ಹೇಳಿ ಹೋಗಿದ್ದಾರೆ, ವೇದಿಕೆಯ ಮೇಲೆ ತಮಗೂ ಒಂದು ಕುರ್ಚಿ. “ನನಗೂ ಕುರ್ಚಿ ಐತೋ ಶಿವಾಜಿ” ಎಂದು ಎರಡು ಸಲ ಅಂದರು. ಸ್ಪೀಕರಿನಲ್ಲಿ ಕೇಳುತ್ತಿದ್ದ ಅತ್ತೆ ಮಗನ ಮುಖ ನೋಡಿದರು. ಇವರು “ಬರ್ತೇವಿ ಯಪ್ಪಾ” ಅಂದುಬಿಟ್ಟರು. ಫೋನು ಇಟ್ಟ ಮೇಲೆ ಬಹಳ ಹೊತ್ತು ಸಮುದ್ರದ ನಡುವೆ ಕೂತಿದ್ದರು.

ಹೀಗೆ ನಾವು ಕನಮಡಿಯ ಫ್ಲೆಕ್ಸಿನ ಕೆಳಗೆ ಬಂದು ನಿಂತಿದ್ದು.

ಮರುದಿನ ಶಾಲೆಯ ಅಂಗಳ ತುಂಬಿತ್ತು. ವೇದಿಕೆಯ ಮೇಲೆ ಮಾವ ತಲೆಗೆ ಹೊಸ ಬಿಳಿ ಪಟಗ ಸುತ್ತಿ, ಕುರ್ಚಿಯ ಅಂಚಿಗೆ ಮಾತ್ರ ಕೂತಿದ್ದರು, ಪೂರ್ತಿ ಕೂತರೆ ಯಾರಾದರೂ ಎಬ್ಬಿಸಿಯಾರು ಎಂಬಂತೆ. ಮತ್ತೊಂದು ಸನ್ಮಾನ ಟಿಕೋಟಾದ ಫಯಾಜ ಅವರಿಗೆ. ಗಡಿಯಲ್ಲಿ ದುಡಿದು ನಿವೃತ್ತರಾದವರು, ಎದೆಯ ಮೇಲೆ ಪದಕಗಳು. ಅವರು ಇವರ ಕೈ ಕುಲುಕಿ ಪಕ್ಕದಲ್ಲೇ ಕೂರಿಸಿಕೊಂಡರು. ನಾನು ಕೂಸನ್ನು ಎತ್ತಿಕೊಂಡು ಅತ್ತೆಯ ಜೊತೆ ಮುಂದಿನ ಸಾಲಿನಲ್ಲಿದ್ದೆ. ಮಾತು ಕೇಳಿಸುತ್ತಿತ್ತು.

“ಯಾವ ಹಡಗಪಾ ನಿಂದು?”

ಇವರು ದೋಣಿಯ ಹೆಸರು ಹೇಳಿದರು. ಅದು ಆ ಮುದುಕಿಯ ತಾಯಿಯ ಹೆಸರು.

“ಹಂಗಂದ್ರ ಯಾವ ಬೇಸ್? ಕಾರವಾರೋ ವಿಶಾಖಪಟ್ಟಣೋ?”

ಇವರು ಏನೋ ಅಂದರು, ನನಗೆ ಕೇಳಿಸಲಿಲ್ಲ. ಫಯಾಜ ಅವರು ಒಂದು ಕ್ಷಣ ಇವರ ಮುಖವನ್ನೇ ನೋಡಿದರು. ಆಮೇಲೆ ಕತ್ತು ತಿರುಗಿಸಿ, ಮುಂದೆ ಇಟ್ಟಿದ್ದ ಚಹಾ ಎತ್ತಿಕೊಂಡು ಕುಡಿಯತೊಡಗಿದರು. ಅವರು ಕೇಳದೆ ಬಿಟ್ಟದ್ದೇ ನನಗೆ ಕೆನ್ನೆಗೆ ಹೊಡೆದಂತಾಯಿತು. ಎದ್ದು ಕೂಸನ್ನು ಕರೆದುಕೊಂಡು ಹೋಗಿಬಿಡಲೇ ಅನ್ನಿಸಿತು. ಕೂಸಿಗೆ ಬಿಸಿಲು ತಾಗುತ್ತಿದೆ ಎಂಬ ನೆಪವೂ ಇತ್ತು. ಎದ್ದರೆ ಎಲ್ಲರೂ ನೋಡುತ್ತಾರೆಂದು ಎದ್ದೇಳಲಿಲ್ಲ.

ಹೆಡ್‌ಮಾಸ್ತರ ಗುರುಪಾದಯ್ಯನವರು ಶಾಲು ಕೈಯಲ್ಲಿ ಹಿಡಿದು ಎದ್ದರು. “ಶಾಲು ಹೊಚ್ಚೂ ಮೊದಲ ನಮ್ಮ ಮಕ್ಕಳಿಗೆ ಕಡಲಿನ ನಾಕ ಮಾತು ಹೇಳ್ರಿ ಶಿವಾಜಿಯವರ” ಎಂದರು. ಯಾರೋ ಕರಿಹಲಗೆ ತಂದು ಗೋಡೆಗೆ ಆನಿಸಿದರು.

ಸೀಮೆಸುಣ್ಣ ಕೈಗೆ ಬಂದದ್ದೇ ಇವರು ಬೇರೆಯೇ ಮನುಷ್ಯ. ಸರಸರನೆ ಸಮುದ್ರ ಬರೆದರು. “ಇಲ್ಲಿಂದ ಬಿಡ್ತೇವಿ. ಇದು ಪಾಲ್ಮಾ, ಇಲ್ಲೊಂದು ವಸ್ತಿ. ಇಲ್ಲಿ ಗಾಳಿ ಬಡಗಣದಿಂದ ಬರತೈತಿ, ಅದಕ್ಕ ಒಳ್ಳೆ ದಿನಾ ನೋಡಿ ಬಿಡಬೇಕು. ಇದು ಸಾರ್ಡೀನಿಯಾದ ಕಾಲ್ಯಾರಿ, ಎರಡನೇದು. ಗಾಳಿ ಎದುರಿಗಿದ್ರ ನೆಟ್ಟಗ ಹೋಗಾಕ ಬರೂದಿಲ್ಲ, ಗುಡ್ಡಾ ಹತ್ತೂ ಎತ್ತಿನಂಗ ಆ ಕಡಿ ಈ ಕಡಿ ಹಾದು ಹಾದು ಹೋಗಬೇಕು.” ಕೈಯನ್ನೇ ಹಾಯಿ ಮಾಡಿ ತೋರಿಸಿದರು. ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು. ಗೋಡೆಯ ಹತ್ತಿರ ನಿಂತವರೂ ಕತ್ತು ಚಾಚಿದರು. ಮಾವ ಮೆಲ್ಲಗೆ ಕುರ್ಚಿಯಲ್ಲಿ ಹಿಂದಕ್ಕೆ ಸರಿದು, ಬೆನ್ನು ಆನಿಸಿ ಕೂತರು. ಇವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಹೀಗೇ ಮುಗಿದುಬಿಡಲಿ ಎಂದು ನಾನು ಕೂಸಿನ ಕಾಲು ಹಿಡಿದುಕೊಂಡು ಕೂತಿದ್ದೆ.

ಮುಂದೆ ಕೂತ ಒಬ್ಬ ಹುಡುಗಿ ಕೈ ಎತ್ತಿದಳು. “ಸರ್, ವೈರಿಗೋಳು ಯಾವ ಕಡಿಂದ ಬರ್ತಾರ್ರಿ?”

ಇವರ ಕೈ ಹಲಗೆಯ ಮೇಲೆ ನಿಂತಿತು.

“ವೈರಿಗೋಳು ಇಲ್ಲವ್ವಾ ಅಲ್ಲಿ.”

“ಮತ್ತ ನೀವು ಏನ ಕಾಯ್ತೀರಿ?”

ಇವರು ಅಪ್ಪನ ಕಡೆ ನೋಡಿದರು. ಆಮೇಲೆ ಆ ಹುಡುಗಿಯ ಕಡೆ.

“ಒಲಿ ಮ್ಯಾಗಿನ ಅನ್ನಾ ಕಾಯ್ತೇನವ್ವಾ, ಹೊತ್ತಬಾರದು ಅಂತ. ನಾ ಅಲ್ಲಿ ಅಡಗಿ ಮಾಡಾಂವ.”

ಅಂಗಳವೆಲ್ಲ ಘೊಳ್ಳೆಂದು ನಕ್ಕಿತು. ಚೇಷ್ಟೆ ಅಂದುಕೊಂಡರು. ಗುರುಪಾದಯ್ಯನವರೂ ನಕ್ಕು ಚಪ್ಪಾಳೆ ತಟ್ಟಿದರು. ಒಂದು ಸಲ ಹೇಳುವುದೇ ಸಾಯುವಷ್ಟು ಕಷ್ಟವಾಗಿದ್ದನ್ನು ಇವರು ಎರಡನೇ ಸಲ ಹೇಳಬೇಕಾಯಿತು.

“ಚ್ಯಾಷ್ಟಿ ಅಲ್ರಿ. ಖರೇನ. ನಾ ನೌಕಾಪಡ್ಯಾಗ ಇಲ್ಲ. ಇಬ್ಬರು ಮುದುಕರ ದೋಣಿ, ಅದರಾಗ ಅಡಗಿಯಾಂವ. ಫ್ಲೆಕ್ಸಿನಾಗ ಬರದದ್ದು ತಪ್ಪೈತಿ. ಸಂಗನಬಸವಂದು ತಪ್ಪಲ್ಲ, ನಾ ಮೊದಲ ಹೇಳಬೇಕಿತ್ತು.”

ಹಿಂದಿನಿಂದ ಯಾರೋ ಅಂದರು: “ಅಲ್ಲಲೇ, ಇವನ ಕೈಲೆ ಉಣ್ಣಾವ್ರೂ ಅದಾರೇನೋ ಅಲ್ಲಿ?” ಒಂದಿಬ್ಬರು ನಕ್ಕರು. ಈ ಸಲದ ನಗು ಬೇರೆ ಥರದ್ದು.

ಅತ್ತೆ ನನ್ನ ಕೈ ಹಿಡಿದುಕೊಂಡರು. ಅವರ ಬಳೆ ನನ್ನ ಮಣಿಕಟ್ಟಿಗೆ ಒತ್ತುತ್ತಿತ್ತು.

ಮಾವ ಎದ್ದರು. ಯಾರೂ ಏಳು ಅನ್ನಲಿಲ್ಲ. ಪಟಗ ಸರಿ ಮಾಡಿಕೊಂಡು, ವೇದಿಕೆಯ ಮೆಟ್ಟಿಲನ್ನು ಕಾಲಿನಿಂದ ಹುಡುಕಿ ಹುಡುಕಿ ಇಳಿದು, ಮಕ್ಕಳ ಸಾಲು ಸುತ್ತಿ, ಕಾಂಪೌಂಡ್ ಗೋಡೆಯ ಹತ್ತಿರ ಹೋಗಿ ತಮ್ಮ ಹಳೆಯ ಜಾಗದಲ್ಲಿ ನಿಂತರು. ಗುರುಪಾದಯ್ಯನವರು ಶಾಲನ್ನು ಇವರಿಗೆ ಹೊದಿಸಲೋ ಬೇಡವೋ ತಿಳಿಯದೆ ಮಡಚಿ ಖಾಲಿ ಕುರ್ಚಿಯ ಮೇಲಿಟ್ಟು, “ಈಗ ಮಕ್ಕಳಿಂದ ದೇಶಭಕ್ತಿ ಗೀತೆ” ಅಂದರು.

ನಾವು ಅಂದೇ ವಿಜಯಪುರಕ್ಕೆ ವಾಪಸಾದೆವು. ಮಾವ ನಮ್ಮನ್ನು ಕಳಿಸಲು ಬಸ್ಸಿನವರೆಗೂ ಬರಲಿಲ್ಲ. ಅತ್ತೆ ಅವರ ಜೊತೆ ಊರಲ್ಲೇ ಉಳಿದರು.

ಮನೆಗೆ ಬಂದ ಮೇಲೆ ಇವರು ಪರಸಿಯ ಮೇಲಿನ ಸಮುದ್ರವನ್ನು ಹಸಿ ಬಟ್ಟೆಯಿಂದ ಒರೆಸಿದರು. ಕ್ಯಾಪ್ಟನ್ ಫೋನು ಬಂದರೆ ಎತ್ತಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುವುದು, ಕರೆದರೆ ಎದ್ದು ಉಣ್ಣುವುದು, ಮತ್ತೆ ಮಲಗುವುದು. ಒಂದು ದಿನ, “ಹೋಗೂದಿಲ್ಲ ಯಶೋಧರಾ. ಇಲ್ಲೇ ಯಾವುದರ ಹೋಟೆಲ್ಲಿನಾಗ ನಿಂದರತೇನಿ” ಎಂದರು. “ಒಬ್ಬಾಂವ ಕುರ್ಚಿ ಮ್ಯಾಲೆ ಬೆನ್ನ ಹಚ್ಚಿ ಕುಂತಿದ್ದ. ಎಬ್ಬಿಸಿಬಿಟ್ಟೆ.”

ಆಗ ನನಗೆ ಮೊದಲು ಅನ್ನಿಸಿದ್ದು ಇವರ ದುಃಖವಲ್ಲ. ‘ಸದ್ಯ, ಗಾಳಿಯ ಭಯ ತಪ್ಪಿತು’ ಅನ್ನಿಸಿತು. ಆ ಸಮಾಧಾನ ಎದೆಯಲ್ಲಿ ಬೆಚ್ಚಗೆ ಕೂತಿತ್ತು, ಅದರ ಪಕ್ಕದಲ್ಲಿ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದರು. ನನ್ನ ಬಗ್ಗೆ ನನಗೇ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಕೂಸು ಬರಿ ನೆಲದ ಮೇಲೆ ಏನನ್ನೋ ಹುಡುಕುತ್ತ ತಿರುಗುತ್ತಿತ್ತು.

ಫೆಬ್ರುವರಿಯ ಒಂದು ಮುಂಜಾನೆ ಬಾಗಿಲು ಬಡಿದ ಸದ್ದು. ಮಾವ ನಿಂತಿದ್ದರು. ವಸ್ತಿ ಬಸ್ಸಿಗೆ ಬಂದವರು. ಹೆಗಲ ಮೇಲೆ ಜೋಳದ ಚೀಲ, ಕೈಯಲ್ಲಿ ಅತ್ತೆ ಕಳಿಸಿದ ಶೇಂಗಾಹಿಂಡಿಯ ಡಬ್ಬಿ. ಮಗ ಎದ್ದು ನಿಂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾವ ನೆಲ ನೋಡಿದರು.

“ಎಲ್ಲಿ ಹೋತೋ ಅದು? ನೆಲದ ಮ್ಯಾಲೆ ಬರದಾನ ಅಂತ ನಿಮ್ಮವ್ವ ಹೇಳ್ತಿದ್ಲು.”

“ಒರಸಿದ್ನಿ.”

“ಬರಿ ಇನ್ನೊಮ್ಮೆ. ಎಲ್ಲೆಲ್ಲಿ ವಸ್ತಿ ಅಂತ ಮಂದಿ ಕೇಳಾಕತ್ತಾರ. ಆವಾಗ ಹಲಗಿ ಮ್ಯಾಲೆ ಪೂರ್ತಿ ಬರಿಲಿಲ್ಲಲ್ಲ ನೀ, ಎರಡ ಊರ ಹೇಳಿ ಬಿಟ್ಟಿ. ಹಿಂದಕ ಒಮ್ಮೆ ತಪ್ಪ ಹೇಳೇನಿ. ಈ ಸಲ ಬರೋಬ್ಬರಿ ಹೇಳಬೇಕು.”

ಇವರು ಸೀಮೆಸುಣ್ಣ ಹುಡುಕಿದರು. ಸ್ಪೇನು ಸೊಟ್ಟಗಾಯಿತು. ಮಾವ ಕುಕ್ಕುರುಗಾಲಲ್ಲಿ ಕೂತು ಒಂದೊಂದೇ ಹೆಸರನ್ನು ಬಾಯಲ್ಲಿ ತಿರುವಿದರು. “ಪಾಲಮಾ. ಕಾಲೇರಿ. ತರಪಾನಿ. ಮಾಲಟಾ. ಆಮ್ಯಾಲ ವಸ್ತಿ ಇಲ್ಲ, ಪಾಳಿ. ಹೌದಿಲ್ಲೋ? ಆಮ್ಯಾಲ ಕಿರೀಟ.”

“ಕ್ರೀಟ್.”

“ಅದ. ಮತ್ತ ಅಡಗಿಯವ್ಗ ಅಲ್ಲಿ ಏನಂತಾರ?”

“ಶೆಫ್ ಅಂತಾರ ಯಪ್ಪಾ.”

ಮಾವ ಕೈ ಅಡ್ಡ ಆಡಿಸಿದರು. “ಅದು ಬ್ಯಾಡ. ಒಂದ ಇಂಗ್ಲಿಷ್ ಶಬ್ದ ಹೇಳಿ ಇಷ್ಟೆಲ್ಲ ಆಗೇತಿ.”

ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋದೆ. ಹೊರಗೆ ಮಾವನ ದನಿ: “ಆ ಫ್ಲೆಕ್ಸ ಬಿಚ್ಚಕೊಂಡು ಬಂದೇನಿ. ಹರದ ಒಗಿಬೇಕಂದ್ನಿ, ಗಟ್ಟಿ ಮಾಲ. ಜ್ವಾಳದ ಕಣಕಿ ಬಣವಿಗಿ ಹೊಚ್ಚೇನಿ, ಮಾರಿ ಒಳಗ ಮಾಡಿ. ಆದ್ರ ಗಾಳಿ ಬಂದ್ರ ಒಂದ ತುದಿ ಏಳತೈತಿ. ಮೀಸಿ ಕಾಣತೈತಿ. ಹೋಗೂ ಬರೂ ಮಂದಿ ನಗತಾರ.”

ಆ ಭಾನುವಾರ ನಾವೆಲ್ಲ ಕನಮಡಿಗೆ ಹೋದೆವು. ಇವರು ಬಣವೆ ಹತ್ತಿ ಫ್ಲೆಕ್ಸನ್ನು ಎಳೆದು, ಮೂಲೆ ಮೂಲೆಗೆ ಹಗ್ಗ ಪೋಣಿಸಿ, ಹಾಯಿಗೆ ಹಾಕುವ ಗಂಟು ಹಾಕಿದರು. ಮಾವ ಕೆಳಗಿಂದ ಹಗ್ಗದ ತುದಿ ಹಿಡಿದಿದ್ದರು. ಗಾಳಿ ಬೀಸಿದಾಗ ಅದು ಉಬ್ಬಿತು, ಏಳಲಿಲ್ಲ. ಹಾದಿಯಲ್ಲಿ ಬೈಕು ನಿಲ್ಲಿಸಿ ಒಬ್ಬರು ಕೂಗಿದರು, “ಏನ್ರೀ ನೇವಿಯವರ! ಬಣವಿಗಿ ಲಂಗರ ಹಾಕಾಕತ್ತೀರೇನು?”

ಇವರ ಕಿವಿ ಮತ್ತೆ ಕೆಂಪಾದವು. ಉತ್ತರ ಕೊಟ್ಟವರು ಮಾವ, ಹಗ್ಗದಿಂದ ಕಣ್ಣು ಎತ್ತದೆ.

“ನೇವಿ ಅಲ್ಲೋ. ಅಡಗಿಯಾಂವ ಅದಾನ. ಏಪ್ರಿಲ್‌ಕ ಹೊಂಟಾನ.”

ದನಿ ಸಣ್ಣದಾಗಿತ್ತು. ಬೈಕಿನವರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಬಣವೆಯ ಮೇಲಿದ್ದವರಿಗೆ ಕೇಳಿಸಿತು. ಅವರು ಆ ಗಂಟನ್ನು ಬಿಚ್ಚಿ, ಮತ್ತೊಮ್ಮೆ, ಇನ್ನೂ ಬಿಗಿಯಾಗಿ ಹಾಕಿದರು. ಏಪ್ರಿಲ್ ಎಂಬ ಮಾತಿಗೆ ನನಗೆ ಆ ಗಾಳಿಗಳ ಹೆಸರು ಮತ್ತೆ ನೆನಪಾದವು. ಕೂಸಿಗೆ ಗಾಳಿ ತಾಗೀತೆಂದು ಕುಲಾವಿಯ ದಾರ ಕಟ್ಟಿದೆ.